ಬಟನ್ ಒತ್ತಿದ್ರೂ ಗೇರ್ ಬೀಳದ ಕ್ವಾಡ್: ಸೆನ್ಸರ್ ತರಿಸೋ ಮುಂಚೆ ಕೈಯಲ್ಲಿ ಹಾಕಿ ನೋಡಿ

ಕ್ವಾಡ್ ಅಂದ್ರೆ ಹೊಲದಲ್ಲಿ ಓಡಿಸೋ ನಾಲ್ಕು ಚಕ್ರದ ಬೈಕು, ಅದರ ಗೇರ್ ಬೀಳ್ತಿಲ್ಲ ಅಂತ ನೀವು ಕೇಳಿದ್ದಕ್ಕೆ ಈ ಉತ್ತರ. ಆಸ್ಟ್ರೇಲಿಯಾದ ಗಿಪ್ಸ್‌ಲ್ಯಾಂಡಿನ ಚಳಿಗಾಲದಲ್ಲಿ ನಂದೂ ಇದೇ ಪಾಡಾಗಿತ್ತು ಸಾರ್. ನಿಮ್ಮದು 2004ರ ಹೋಂಡಾ ಟಿಆರ್‌ಎಕ್ಸ್ 350 ಎಫ್‌ಇ, ಅಮೆರಿಕದವರು ರಾಂಚರ್ ಇಎಸ್ ಅನ್ನೋದು ಇದಕ್ಕೇ. ಇಎಸ್ ಅಂದ್ರೆ ಕಾಲಿನ ಬದಲು ಬಟನ್ ಒತ್ತಿ ಕರೆಂಟಿನಲ್ಲಿ ಗೇರ್ ಹಾಕೋದು. ಬೆಳಗ್ಗೆ ಹಸು ಹೊಡ್ಕೊಂಡು ಬರೋ ಹೊತ್ತಿಗೆ ಒಂದರಿಂದ ಎರಡಕ್ಕೆ ಹೋಗಲ್ಲ, ಗೇರ್ ನಂಬರ್ ಇರಬೇಕಾದ ಜಾಗದಲ್ಲಿ ಅಡ್ಡಗೆರೆ ಮಿಣುಕುತ್ತೆ, ಕೀ ಆಫ್ ಮಾಡಿ ಆನ್ ಮಾಡಿದ್ರೆ ಹತ್ತು ನಿಮಿಷ ಸರಿ ಅಂದಿದ್ದೀರಿ. ವರ್ಕ್‌ಶಾಪಿನವರು ಆಂಗಲ್ ಸೆನ್ಸರ್ (ಗೇರ್ ಕಡ್ಡಿ ಎಷ್ಟು ತಿರುಗಿತು ಅಂತ ಅಳೆಯೋದು), ಕಂಟ್ರೋಲ್ ಯೂನಿಟ್ (ಗೇರ್ ಹಾಕಿಸೋ ಎಲೆಕ್ಟ್ರಾನಿಕ್ ಪೆಟ್ಟಿಗೆ) ಎರಡೂ ಹೊಸದು ಹಾಕಬೇಕು ಅಂದ್ರಂತೆ. ಈಗಲೇ ದುಡ್ಡು ಬಿಚ್ಚಬೇಡಿ.

ಮೊದಲು ಟೂಲ್ ಕಿಟ್ ತೆಗೆಯಿರಿ. ಕೈಯಲ್ಲಿ ಗೇರ್ ಹಾಕೋಕೆ ಅಂತಲೇ ಅದರಲ್ಲೊಂದು ಲಿವರ್ ಕೊಟ್ಟಿರ್ತಾರೆ. ಸೆಕೆಂಡ್ ಹ್ಯಾಂಡ್ ಗಾಡಿಗಳಲ್ಲಿ ಹೆಚ್ಚಾಗಿ ಕಳೆದೇ ಹೋಗಿರುತ್ತೆ, ಇದ್ದರೆ ನಿಮ್ಮ ಪುಣ್ಯ. ಎಂಜಿನ್ ಆಫ್ ಮಾಡಿ, ಎಂಜಿನ್ನಿನ ಎಡ ಮುಂಭಾಗದಲ್ಲಿ ಕಾಣೋ ಶಿಫ್ಟ್ ಸ್ಪಿಂಡಲ್, ಅಂದ್ರೆ ಗೇರ್ ಬದಲಿಸೋ ಕಡ್ಡಿಯ ತುದಿಗೆ ಅದನ್ನು ಕೂರಿಸಿ, ಗಾಡಿಯನ್ನ ಹಿಂದೆ ಮುಂದೆ ಸ್ವಲ್ಪ ಅಲ್ಲಾಡಿಸ್ತಾ ಒಂದೊಂದೇ ಗೇರ್ ಹಾಕಿ. ಕಟ್ ಕಟ್ ಅಂತ ಎಲ್ಲ ಗೇರೂ ಬಿದ್ದರೆ ಗೇರುಗಳನ್ನ ಸರಿಸೋ ಒಳಗಿನ ಫೋರ್ಕು, ಡ್ರಮ್ಮು ಚೆನ್ನಾಗಿವೆ, ರೋಗ ಕರೆಂಟಿನದ್ದು. ಕೈಯಲ್ಲೂ ಒದ್ದಾಡಿದರೆ ಸೆನ್ಸರ್ ಬದಲಾಯಿಸಿ ಏನೂ ಪ್ರಯೋಜನ ಇಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಕರೆಂಟಿನದ್ದೇ ಅಂತ ಗೊತ್ತಾದ ಮೇಲೆ ಬ್ಯಾಟರಿಯಿಂದ ಶುರು ಮಾಡಿ. ಎಂಜಿನ್ ಸ್ಟಾರ್ಟ್ ಆಗುತ್ತಲ್ಲ, ಬ್ಯಾಟರಿ ಚೆನ್ನಾಗೇ ಇದೆ ಅನ್ನಬೇಡಿ, ನಾನೂ ಹಾಗೇ ಅಂದುಕೊಂಡಿದ್ದೆ. ನೀವು ಬಟನ್ ಒತ್ತಿದಾಗ ಕಂಟ್ರೋಲ್ ಯೂನಿಟ್ ಒಂದು ಮೋಟಾರಿಗೆ ಕರೆಂಟ್ ಬಿಡುತ್ತೆ, ಮೋಟಾರು ಸಣ್ಣ ಗೇರುಗಳ ಮೂಲಕ ಸ್ಪಿಂಡಲ್ ತಿರುಗಿಸುತ್ತೆ. ಅದೇ ಸ್ಪಿಂಡಲ್ ಮೊದಲು ಕ್ಲಚ್ ಬಿಡಿಸಿ ಆಮೇಲೆ ಗೇರ್ ತಳ್ಳಬೇಕು. ಎಷ್ಟು ಡಿಗ್ರಿ ತಿರುಗಿತು ಅಂತ ಆಂಗಲ್ ಸೆನ್ಸರ್ ವರದಿ ಒಪ್ಪಿಸ್ತಾ ಇರುತ್ತೆ. ವೋಲ್ಟೇಜ್ ಕಮ್ಮಿಯಾದರೆ ಮೋಟಾರು ಅರ್ಧಕ್ಕೇ ನಿಲ್ಲುತ್ತೆ, ಸೆನ್ಸರ್ ‘ಅರ್ಧಕ್ಕೇ ನಿಂತಿದೆ’ ಅಂತ ನಿಜವನ್ನೇ ಹೇಳುತ್ತೆ, ಯೂನಿಟ್ ಗಾಬರಿಯಾಗಿ ಅಡ್ಡಗೆರೆ ತೋರಿಸುತ್ತೆ. ಬೈಗುಳ ತಿನ್ನೋದು ಮಾತ್ರ ಸೆನ್ಸರ್! ರಾತ್ರಿಯೆಲ್ಲ ನಿಂತ ಬ್ಯಾಟರಿಯಲ್ಲಿ 12.6 ವೋಲ್ಟ್ ಹತ್ತಿರ ಇರಬೇಕು. 12.2 ಅಂದ್ರೆ ಅರ್ಧ ಖಾಲಿ. ಎಂಜಿನ್ ಓಡ್ತಾ ರೇಸ್ ಕೊಟ್ಟಾಗ 14ರ ಆಸುಪಾಸು ಬರಬೇಕು.

ಆಮೇಲೆ ಅರ್ತ್, ಅಂದ್ರೆ ಬ್ಯಾಟರಿಯ ಮೈನಸ್ಸನ್ನ ಎಂಜಿನ್ನಿಗೆ ಸೇರಿಸೋ ತಂತಿ. ನನ್ನ ಗಾಡಿ ಸಿಕ್ಕಿಬಿದ್ದಿದ್ದೇ ಇಲ್ಲಿ, ಅದೂ ಹೊಸ ಸೆನ್ಸರ್ ತರಿಸಿ, ಹಾಕಿ, ಮೂರು ದಿನ ಅದೇ ಗೋಳು ಅನುಭವಿಸಿದ ಮೇಲೆ. ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಎಂಜಿನ್ನಿನ ಬರಿ ಅಲ್ಯೂಮಿನಿಯಮ್ಮಿಗೆ ಹಿಡಿದು, ಹೆಂಡತಿಗೆ ಬಟನ್ ಒತ್ತು ಅಂದೆ. ಸೊನ್ನೆ ಹತ್ತಿರ ಇರಬೇಕಾದ್ದು 0.9 ವೋಲ್ಟಿಗೆ ಹಾರಿತು. ಅರ್ತ್ ಬೋಲ್ಟ್ ಬಿಚ್ಚಿದ್ರೆ ವಾಷರ್ ಕೆಳಗೆ ಹಸಿರು ಪಾಚಿ ಕಟ್ಟಿದ ಹಾಗೆ ತುಕ್ಕು, ಮೇಲೆ ಒಣಗಿದ ಸಗಣಿ. ಉಪ್ಪುಕಾಗದದಲ್ಲಿ ಉಜ್ಜಿ ಬಿಗಿದೆ, ಅಷ್ಟೇ. ತಪ್ಪು ನಂದೇ. ದಿನಾ ಪ್ರೆಶರ್ ವಾಷರ್ ಹಿಡಿದು ಎಂಜಿನ್ ಮೇಲೇ ನೀರು ಬಿಡ್ತಿದ್ದೆ.

ನೀವೂ ತೊಳೀತೀರ ಅಂತ ಬರೆದಿದ್ದೀರಲ್ಲ, ಹಾಗಾಗಿ ಸೆನ್ಸರ್, ಮೋಟಾರು, ಎಡಗೈ ಬಟನ್ ಮೂರರ ಕನೆಕ್ಟರೂ ಬಿಚ್ಚಿ ನೋಡಿ. ನೀರಿದ್ದರೆ ಗಾಳಿ ಊದಿ ಒಣಗಿಸಿ, ಹಸಿರು ಕಂಡರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ನೀರು ತಡೆಯೋ ಡೈಎಲೆಕ್ಟ್ರಿಕ್ ಗ್ರೀಸ್ ಸವರಿ ಮುಚ್ಚಿ.

ಇಷ್ಟಾದ ಮೇಲೂ ಕೈಕೊಟ್ಟರೆ ಗಾಡಿಯನ್ನೇ ಕೇಳಿ. ಕೀ ಆಫ್ ಇರುವಾಗ ಮೇಲಿನ, ಕೆಳಗಿನ ಶಿಫ್ಟ್ ಬಟನ್ ಎರಡೂ ಒಟ್ಟಿಗೆ ಒತ್ತಿ ಹಿಡಿದು ಕೀ ಆನ್ ಮಾಡಿ. ಗೇರ್ ನಂಬರ್ ಜಾಗದ ಅಡ್ಡಗೆರೆ ಎಷ್ಟು ಸಲ ಮಿಣುಕುತ್ತೋ ಎಣಿಸಿ, ನಿಮ್ಮ ಮಾಡೆಲಿನ ಸರ್ವಿಸ್ ಮ್ಯಾನ್ಯುಯಲ್ಲಿಗೆ ಹೋಲಿಸಿ. ಸೆನ್ಸರ್ ಕಡೆ ಬೊಟ್ಟು ಮಾಡಿದರೆ ಅದನ್ನ ಬಿಚ್ಚಿ, ಮಧ್ಯದ ತಿರುಗೋ ಭಾಗವನ್ನ ಬೆರಳಲ್ಲಿ ನಿಧಾನ ತಿರುಗಿಸ್ತಾ ಮೀಟರಿನಲ್ಲಿ ಓಮ್ಸ್ ನೋಡಿ. ಹಳೇ ರೇಡಿಯೋದ ವಾಲ್ಯೂಮ್ ನಾಬ್ ಇದ್ದ ಹಾಗೇ ಅದು. ರೀಡಿಂಗ್ ಜಾರುಬಂಡೆ ಥರ ನಯವಾಗಿ ಏರಿ ಇಳಿದರೆ ಸೆನ್ಸರ್ ಬದುಕಿದೆ. ಮಧ್ಯೆ ಎಲ್ಲಾದರೂ ಎಗರಿದರೆ, ಮಾಯವಾದರೆ ಆಗ ಹೊಸದಕ್ಕೆ ಆರ್ಡರ್ ಮಾಡಿ.

ಮೋಟಾರಿನ ಪರೀಕ್ಷೆ ಒರಟು. ಬಟನ್ ಒತ್ತಿಸ್ತಾ ಸ್ಪ್ಯಾನರ್ ಹಿಡಿಯಲ್ಲಿ ಮೋಟಾರಿನ ಮೈಗೆ ಮೆಲ್ಲಗೆ ಎರಡೇಟು ಹಾಕಿ. ಆಗ ಗೇರ್ ಬಿತ್ತು ಅಂದ್ರೆ ಒಳಗೆ ಬ್ರಷ್ (ಕರೆಂಟ್ ದಾಟಿಸೋ ಕಾರ್ಬನ್ ತುಂಡು) ಸವೆದಿದೆ ಅಥವಾ ಅಂಟಿಕೊಂಡಿದೆ. ಹಾಗಿದ್ರೆ ಬಿಚ್ಚಿ ಕ್ಲೀನ್ ಮಾಡಲೇಬೇಕು, ಜೋಡಿಸುವಾಗ ಓ-ರಿಂಗ್ (ರಬ್ಬರ್ ಉಂಗುರ) ಹೊಸದು ಹಾಕಿ. ಕಂಟ್ರೋಲ್ ಯೂನಿಟ್ ಕೆಡೋದು ಅಪರೂಪ, ಅದನ್ನ ಕಟ್ಟಕಡೆಗಿಡಿ.

ಗೇರ್ ಬೀಳುತ್ತೆ ಆದರೆ ಒದ್ದು ಬೀಳುತ್ತೆ ಅಂತ ಇನ್ನೊಬ್ಬರು ಕೆಳಗೆ ಕೇಳಿದ್ದಾರೆ. ಅದು ಕ್ಲಚ್ ಅಡ್ಜಸ್ಟ್‌ಮೆಂಟ್. ಎಂಜಿನ್ ಆಫ್ ಮಾಡಿ ಲಾಕ್‌ನಟ್ ಸಡಿಲಿಸಿ, ಸ್ಕ್ರೂವನ್ನ ಗಡಿಯಾರದ ವಿರುದ್ಧ ದಿಕ್ಕಿಗೆ ಸ್ವಲ್ಪ ಬಿಗಿ ಸಿಗೋವರೆಗೆ ತಿರುಗಿಸಿ, ಅಲ್ಲಿಂದ ಕಾಲು ಸುತ್ತು ವಾಪಸ್ ತಂದು ನಟ್ ಬಿಗಿಯಿರಿ. ನಟ್ ಬಿಗಿಯುವಾಗ ಸ್ಕ್ರೂ ಜೊತೆಗೇ ತಿರುಗದ ಹಾಗೆ ಸ್ಕ್ರೂಡ್ರೈವರ್ ಹಿಡಿದಿರಿ. ಆಯಿಲ್ಲೂ ಜಾಸೋ ಎಂಎ (ಎಣ್ಣೆಯಲ್ಲಿ ಮುಳುಗಿರೋ ಕ್ಲಚ್ಚಿಗೆ ಹೊಂದೋ ಬೈಕಿನ ಆಯಿಲ್) ಗುರುತಿಂದೇ ಇರಲಿ, ಕಾರಿನದ್ದು ಹಾಕಿದರೆ ಕ್ಲಚ್ ಜಾರಬಹುದು.

ಮಾರಿಬಿಡಲಾ ಅಂತಲೂ ಕೇಳಿದ್ದೀರಿ. ನಾನಂತೂ ಮಾರಲ್ಲ. ಉರುಳಿದರೆ ಸವಾರನನ್ನ ಕಾಪಾಡೋ ಚೌಕಟ್ಟು 2021ರ ಅಕ್ಟೋಬರಿನಿಂದ ಹೊಸ ಕ್ವಾಡುಗಳಿಗೆ ಕಡ್ಡಾಯ ಆಯ್ತಲ್ಲ, ಆಗ ಹೋಂಡಾ ಆಸ್ಟ್ರೇಲಿಯಾದಲ್ಲಿ ಕ್ವಾಡ್ ಮಾರೋದನ್ನೇ ಬಿಟ್ಟಿತು. ಹಳೇದನ್ನ ಉಳಿಸಿಕೊಳ್ಳಿ, ಚೌಕಟ್ಟು ಮಾತ್ರ ನೀವೇ ಹಾಕಿಸಿ.

ನಾಳೆ ಬೆಳಗ್ಗೆ ತಣ್ಣಗಿರುವಾಗಲೇ ನೋಡಿ, ಬಿಸಿಯಾದ ಮೇಲೆ ಆಟ ತೋರಿಸಲ್ಲ. ಬ್ಯಾಟರಿ ವೋಲ್ಟ್ ಎಷ್ಟು, ಎಷ್ಟು ಸಲ ಮಿಣುಕಿತು, ಕೈಯಲ್ಲಿ ಗೇರ್ ಬಿತ್ತಾ ಅಂತ ಮೂರನ್ನೂ ಬರೆಯಿರಿ, ಮುಂದಿಂದು ನೋಡೋಣ.