ತಕ್ಕೋಲದ ಕದನ ಮತ್ತು ಆತಕೂರಿನ ಕಲ್ಲು

ಪ್ರಶ್ನೆ: ತಕ್ಕೋಲದ ಯುದ್ಧದಲ್ಲಿ ಚೋಳ ರಾಜಕುಮಾರನನ್ನು ಕೊಂದವರು ಯಾರು? ಒಂದು ನಾಯಿಯ ಸ್ಮಾರಕದ ಮೇಲೆ ಆ ಯುದ್ಧದ ಮಾತು ಬಂದಿದ್ದೇಕೆ?

ಉತ್ತರ: ಇಂದಿನ ತಮಿಳುನಾಡಿನ ಅರಕ್ಕೋಣಂ ಬಳಿಯ ತಕ್ಕೋಲದಲ್ಲಿ ಕ್ರಿ.ಶ. 949ರಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನೂ, ಚೋಳ ದೊರೆ ಒಂದನೆಯ ಪರಾಂತಕನ ಹಿರಿಯ ಮಗ ರಾಜಾದಿತ್ಯನೂ ಎದುರುಬದುರಾದರು. ಕೃಷ್ಣನ ಪಕ್ಷದಲ್ಲಿ ಕಾದಿದ ಗಂಗ ದೊರೆ ಇಮ್ಮಡಿ ಬೂತುಗ ಅವನ ಸೋದರಿ ರೇವಕನಿಮ್ಮಡಿಯ ಪತಿ. ಗಂಗ ಸಿಂಹಾಸನ ಬೂತುಗನಿಗೆ ದಕ್ಕಿದ್ದೂ ಕೃಷ್ಣನ ನೆರವಿನಿಂದಲೇ.

ಕೊಂದವರು ಯಾರೆಂಬುದಕ್ಕೆ ಎರಡು ಕಡೆಯ ದಾಖಲೆಗಳು ಎರಡು ಉತ್ತರ ಕೊಡುತ್ತವೆ. ಬೂತುಗನು ಆನೆಯ ಅಂಬಾರಿಯನ್ನೇ ರಣರಂಗ ಮಾಡಿಕೊಂಡು ರಾಜಾದಿತ್ಯನನ್ನು ಸುರಗಿಯಿಂದ ಇರಿದು ಕೊಂದನೆಂದು ಆತಕೂರಿನ ಕನ್ನಡ ಶಾಸನ (ಆ ನಾಯಿಯ ಸ್ಮಾರಕದ ಕಲ್ಲು) ಹೇಳಿದರೆ, ಚೋಳರ ಆನೈಮಂಗಲಂ ತಾಮ್ರಪಟಗಳು ಕೃಷ್ಣನ ಹರಿತವಾದ ಬಾಣಗಳು ಅವನ ಎದೆಯನ್ನು ಸೀಳಿದುವೆನ್ನುತ್ತವೆ. ತಾಮ್ರಪಟಗಳು ಅರ್ಧ ಶತಮಾನಕ್ಕೂ ಹೆಚ್ಚು ಕಾಲದ ಅನಂತರದವು. ಆತಕೂರಿನದು ಶಕವರ್ಷ 872ರದು (ಕ್ರಿ.ಶ. 949-50), ಎಂದರೆ ಯುದ್ಧದ ನೆನಪು ಇನ್ನೂ ಹಸಿಯಾಗಿದ್ದಾಗ ಕೊರೆದದ್ದು. ಆದ್ದರಿಂದ ನಾನು ಆತಕೂರಿನ ಮಾತನ್ನೇ ನಂಬುತ್ತೇನೆ. ಆನೆಯ ಮೇಲೆಯೇ ರಾಜಾದಿತ್ಯನು ಮಡಿದನೆಂಬುದರಲ್ಲಿ ಮಾತ್ರ ಭೇದವಿಲ್ಲ: ತಮಿಳು ಶಾಸನಗಳು ಅವನನ್ನು ‘ಆನೆಯ ಮೇಲೆ ಮಡಿದ ದೇವ’ನೆಂದೇ ಸ್ಮರಿಸುತ್ತವೆ.

ಇನ್ನು ನಾಯಿಯ ವಿಷಯ. ಈ ಕಾಳಗದಲ್ಲಿ ಬೂತುಗನ ಮೆಚ್ಚುಗೆಗೆ ಪಾತ್ರನಾದ ಮಣಲೆರ ಎಂಬ ವೀರನಿಗೆ ‘ಬೇಡಿದ್ದನ್ನು ಕೊಡುತ್ತೇನೆ’ ಎಂಬ ವಚನ ದೊರೆತಾಗ, ಅವನು ಊರನ್ನಾಗಲೀ ಹೊನ್ನನ್ನಾಗಲೀ ಕೇಳದೆ, ದೊರೆಯ ‘ಕಾಳಿ’ ಎಂಬ ಬೇಟೆನಾಯಿಯನ್ನು ಕೇಳಿ ಪಡೆದನು. ಮುಂದೆ ಕೆಳಲೆ ನಾಡಿನ ಬೆಳತೂರಿನ ಪಡುವಣ ಬೆಟ್ಟದಲ್ಲಿ ದೊಡ್ಡ ಹಂದಿಯೊಂದರ ಮೇಲೆ ಅದನ್ನು ಬಿಟ್ಟಾಗ ನಾಯಿಯೂ ಹಂದಿಯೂ ಒಟ್ಟಿಗೆ ಸತ್ತವು. ಅದರ ನೆನಪಿಗೆ ಮದ್ದೂರಿನ ಬಳಿಯ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟು, ಈ ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ (ಶೈವ ಅರ್ಚಕನಿಗೆ) ನಾಯಿ ಮಾಡಿದ ಪಾಪ ತಟ್ಟಲಿ ಎಂದು ಬರೆಸಿದರು. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆ ಕಲ್ಲಿನ ಮೇಲ್ಭಾಗದಲ್ಲಿ ನಾಯಿ ಮತ್ತು ಹಂದಿ ಸೆಣಸುವ ಉಬ್ಬುಚಿತ್ರವಿದೆ. ಯುದ್ಧದ ಮಾತು ಬಂದಿದ್ದು ಕಾಳಿಯು ಮಣಲೆರನ ಕೈಸೇರಿದ್ದು ಹೇಗೆಂದು ಹೇಳಲಿಕ್ಕೆ. ಆದರೆ ನಮ್ಮ ಅದೃಷ್ಟಕ್ಕೆ ಅದೇ ಕದನದ ಮುಖ್ಯ ಸಾಕ್ಷಿಯಾಗಿ ಉಳಿಯಿತು.

ಬೂತುಗನಿಗೆ ಕೃಷ್ಣನು ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70 ಎಂಬ ನಾಡುಗಳನ್ನು (ಸಂಖ್ಯೆಗಳು ಆ ನಾಡುಗಳ ಹೆಸರಿನ ಭಾಗ) ಮೆಚ್ಚಿ ಕೊಟ್ಟನೆಂದೂ ಅದೇ ಶಾಸನದಿಂದ ತಿಳಿಯುತ್ತದೆ. ತಮಿಳುನಾಡಿನ ಉತ್ತರ ಭಾಗವಾದ ತೊಂಡೈಮಂಡಲವು ಸುಮಾರು ಎರಡು ದಶಕ ರಾಷ್ಟ್ರಕೂಟರ ಕೈಯಲ್ಲಿದ್ದು, 959ರಲ್ಲಿ ಕೃಷ್ಣನು ಅಲ್ಲಿನ ಮೇಲ್ಪಾಡಿಯ ಬೀಡಿನಿಂದಲೇ ದಾನಪತ್ರ ಹೊರಡಿಸಿದನು. 967ರಲ್ಲಿ ಅವನು ತೀರಿಕೊಂಡ ಆರೇ ವರ್ಷಗಳಲ್ಲಿ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟದ ಅರಸುತನ ಮುಗಿಯಿತು. ಚೋಳರು ಮತ್ತೆ ತಲೆಯೆತ್ತಿ ದಕ್ಷಿಣವನ್ನೆಲ್ಲ ಆಳಲು 985ರಲ್ಲಿ ಪಟ್ಟವೇರಿದ ರಾಜರಾಜನವರೆಗೆ ಕಾಯಬೇಕಾಯಿತು.