ಹೆಗಲು ನೋವಿಗೆ ಸೂಜಿ ಹಾಕಿಸ್ಕೋಬೇಕಾ, ಸ್ಟ್ರೆಚಿಂಗ್ ಸಾಕಾ?

ಅಣ್ಣ, ನಾನೂ ಬಳ್ಳಾರಿಯೋನೇ, ಫಿಸಿಯೋಥೆರಪಿ ಮಾಡ್ತೀನಿ. ಜೀನ್ಸ್ ಯೂನಿಟ್‌ನಾಗ ದಿನವಿಡೀ ಮಷಿನ್ ಮುಂದೆ ಕೂತು ಬಲಗಡೆ ಹೆಗಲು ಹಿಡ್ಕೊಂಡೈತೆ, ಒಬ್ರು ಸೂಜಿ ಅಂತಾರೆ ಇನ್ನೊಬ್ರು ಸ್ಟ್ರೆಚಿಂಗ್ ಅಂತಾರೆ, ಯಾವುದು ಮಾಡ್ಲಿ ಅಂತ ಕೇಳೀರಿ. ಮೊದಲು ಸ್ಟ್ರೆಚಿಂಗ್ ಶುರು ಮಾಡ್ರಿ, ಸೂಜಿ ಹಾಕಿಸ್ಕೊಂಡ್ರೂ ಅದನ್ನ ಬಿಡೋ ಹಂಗಿಲ್ಲ.

ಈ ಸೂಜಿಗೆ ಡ್ರೈ ನೀಡ್ಲಿಂಗ್ ಅಂತಾರೆ, ಔಷಧಿ ಏನೂ ಇರಲ್ಲ. ಬಿಗಿದು ಗಂಟಾದ ಜಾಗಕ್ಕೆ ಕೂದಲಿನಂಥ ಸಣ್ಣ ಸೂಜಿ ಚುಚ್ತಾರೆ, ಸರಿಯಾಗಿ ಬಿದ್ರೆ ಆ ಸ್ನಾಯು ಪಟ್ಟಂತ ಒಂದ್ಸಲ ಅದುರತೈತೆ. ಮೊದಲೆಲ್ಲ ಇಂಥ ಗಂಟಿಗೆ ಮರಗಟ್ಟೋ ಔಷಧಿ ಇಂಜೆಕ್ಷನ್ ಕೊಡ್ತಿದ್ರು, ಕಾರೆಲ್ ಲೆವಿಟ್ ಅನ್ನೋ ಝೆಕ್ ಡಾಕ್ಟರು ಬರೀ ಸೂಜಿ ಚುಚ್ಚಿದ್ರೂ ನೋವು ಇಳಿಯತೈತೆ ಅಂತ 1979ರಲ್ಲಿ ಬರೆದ್ರು. ಇಳಿಯೋದು ನಿಜ, ಆದ್ರೆ ಬಹಳ ಜನಕ್ಕೆ ಕೆಲವು ದಿನ ಇಲ್ಲಾ ಕೆಲವು ವಾರ ಅಷ್ಟೇ, ಮತ್ತೆ ಅದೇ ಮಷಿನ್ ಮುಂದೆ ಹಂಗೇ ಬಗ್ಗಿ ಕೂತ್ರೆ ನೋವು ವಾಪಸ್ ಬರತೈತೆ. ಚುಚ್ಚಿದ ಜಾಗ ಒಂದೆರಡು ದಿನ ನೋಯೋದು ಮಾಮೂಲಿ, ಅದಕ್ಕೆ ಹೆದರಬೇಡ್ರಿ. ಹೆದರಬೇಕಾದ್ದು ಬೇರೆ ಐತೆ, ಹೆಗಲ ಕೆಳಗೇ ಪುಪ್ಪಸ ಇರೋದ್ರಿಂದ ಆಳಕ್ಕೆ ತಪ್ಪಿ ಚುಚ್ಚಿದ್ರೆ ಗಾಳಿ ಸೋರಿ ಉಸಿರಿಗೇ ತೊಂದರೆ ಆಗಬಹುದು, ಅದಕ್ಕೇ ಕಲಿತೋರ ಹತ್ರಾನೇ ಹೋಗ್ರಿ, ಹೊಸ ಪ್ಯಾಕೆಟ್ ನಿಮ್ಮೆದುರೇ ಒಡೀಲಿ, ರಕ್ತ ತೆಳುವಾಗೋ ಮಾತ್ರೆ ತಗೋತಿದ್ರೆ ಮೊದಲೇ ಹೇಳ್ರಿ.

ಸ್ಟ್ರೆಚಿಂಗ್ ಹಿಂಗೆ ಮಾಡ್ರಿ: ಬಲಗೈಲಿ ಸ್ಟೂಲಿನ ಅಂಚು ಹಿಡ್ಕೊಂಡು ತಲೆ ನಿಧಾನಕ್ಕೆ ಎಡಗಡೆ ವಾಲಿಸ್ರಿ, ಹೆಗಲಲ್ಲಿ ಸೆಳೆತ ಗೊತ್ತಾದ್ ಕೂಡ್ಲೇ ಅಲ್ಲೇ 30 ಸೆಕೆಂಡ್ ನಿಲ್ಲಿಸ್ರಿ, ಉಸಿರು ಕಟ್ಟಬೇಡ್ರಿ, ಜಗ್ಗಬೇಡ್ರಿ. ಮೂರು ಸಲ ಮಾಡಿ ಬಿಡ್ರಿ, ಊಟದ ಹೊತ್ತಿಗೆ ಮತ್ತೊಮ್ಮೆ, ಮನೆಗೆ ಹೋದ್ಮೇಲೆ ಮತ್ತೊಮ್ಮೆ. ಬಂಡಲ್ ಮುಗಿದಾಗೆಲ್ಲ ಎದ್ದು ಎರಡು ಹೆಜ್ಜೆ ಓಡಾಡ್ರಿ, ಪೀಸ್ ಲೆಕ್ಕದಾಗ ದುಡಿಯೋರಿಗೆ ಇದು ಕಷ್ಟ ಅಂತ ನಂಗೊತ್ತು, ಆದ್ರೂ ಹೇಳ್ತೀನಿ.

ಎರಡು ಮೂರು ವಾರ ಮಾಡಿದ್ರೂ ಗಂಟು ಜಗ್ಗಲಿಲ್ಲ ಅಂದ್ರೆ ಆಗ ಸೂಜಿ ಹಾಕಿಸ್ಕೊಳ್ರಿ, ಹಾಕಿಸ್ಕೊಂಡ ದಿನದಿಂದಾನೇ ಮೆಲ್ಲಗೆ ಇದೇ ಸ್ಟ್ರೆಚಿಂಗ್ ಮುಂದುವರಿಸ್ರಿ. ಕೈ ಜೋಮು ಹಿಡಿದ್ರೆ, ಕತ್ತರಿ ಹಿಡಿಯೋ ಶಕ್ತಿ ಕಡಿಮೆ ಆದ್ರೆ ಕಾಯಬೇಡ್ರಿ, ಡಾಕ್ಟರ್‌ಗೆ ತೋರಿಸ್ರಿ. ನೀವು ಕೂರೋ ಸ್ಟೂಲು, ಮಷಿನ್ ಟೇಬಲ್ ಎಷ್ಟೆತ್ತರ ಅವೆ ಅಂತ ಬರೀರಿ, ನೋಡಿ ಹೇಳ್ತೀನಿ.