ಹೋತಮರಿಯ ಮೈ ಸೆಟೆದಿದ್ದರೆ ಎಣ್ಣೆ ತಿಕ್ಕುವ ಮೊದಲು ಇದನ್ನು ಓದಿ

ಬೆಳ್ಮಣ್ಣಿನಿಂದ ಕೇಳಿದ ಅಣ್ಣನಿಗೆ ಈ ಉತ್ತರ. ಹೋತಮರಿಗೆ ಬೀಜ ತೆಗೆಯಲು ರಬ್ಬರ್ ರಿಂಗ್ ಹಾಕಿ ಹತ್ತು ದಿನ ಆಯ್ತು, ನಿನ್ನೆಯಿಂದ ಕಾಲು ಸೆಟೆದಿದೆ, ಮೇಯುತ್ತಿಲ್ಲ, ಹೊಟ್ಟೆ ಉಬ್ಬಿದೆ ಅಂತ ಬರೆದಿದ್ದೀರಿ. ನಿಮ್ಮ ಪ್ರಶ್ನೆಗೆ ಮೇಲೆ ಒಬ್ಬರು ವಾತ ಅಂದಿದ್ದಾರೆ, ಎಣ್ಣೆ ತಿಕ್ಕಲು ಹೇಳಿದ್ದಾರೆ. ದಯವಿಟ್ಟು ಬೇಡ. ನನಗೆ ಇದು ಧನುರ್ವಾಯು ಅನಿಸುತ್ತದೆ. ಮುಟ್ಟಿದಷ್ಟೂ ಸೆಳೆತ ಜಾಸ್ತಿ ಆಗುತ್ತದೆ.

ದೂರ ನಿಂತು ನೋಡಿ. ಕಿವಿ ನೆಟ್ಟಗಾಗಿದೆಯಾ? ಬಾಲ ಎತ್ತಿ ಬಿಗಿಯಾಗಿದೆಯಾ? ಕಣ್ಣಿನ ಒಳಮೂಲೆಯಿಂದ ಪೊರೆ ಮುಂದೆ ಬಂದಿದೆಯಾ? ಒಮ್ಮೆ ಮೆಲ್ಲಗೆ ಚಪ್ಪಾಳೆ ತಟ್ಟಿ. ಬೆಚ್ಚಿ ಮೈಯೆಲ್ಲ ಬಿಗಿದರೆ ಅನುಮಾನ ಗಟ್ಟಿ. ಒಂದು ಸಲ ಸಾಕು, ಮನೆಯವರಿಗೆಲ್ಲ ತೋರಿಸಲು ಮತ್ತೆ ಮತ್ತೆ ಮಾಡಬೇಡಿ. ದವಡೆ ಬಿಡಿಸಲು ಬಾಯಿಗೆ ಕೈ ಹಾಕಲೇಬೇಡಿ. ಇದು ರೇಬೀಸ್ (ಹುಚ್ಚುನಾಯಿ ರೋಗ) ಕೂಡ ಆಗಿರಬಹುದು, ಅದರಲ್ಲೂ ನುಂಗಲಾಗದೆ ಜೊಲ್ಲು ಸುರಿಯುತ್ತದೆ, ಆ ಜೊಲ್ಲು ಅಪಾಯ.

ರಕ್ತಪರೀಕ್ಷೆಗೆ ಕಾಯುತ್ತಾ ಕೂರಬೇಡಿ. ಈ ಕಾಯಿಲೆಯನ್ನು ಗುರುತಿಸುವುದು ಲಕ್ಷಣ ನೋಡಿ, ಗಾಯದ ಕಥೆ ಕೇಳಿ. ಗಾಯದಲ್ಲಿ ರೋಗಾಣು ಸಿಗದಿದ್ದರೂ ಧನುರ್ವಾಯು ಅಲ್ಲ ಅನ್ನಲಾಗುವುದಿಲ್ಲ. ರಿಂಗ್ ಬಿಗಿದ ಜಾಗಕ್ಕೆ ರಕ್ತ ಹೋಗುವುದಿಲ್ಲ, ಮಾಂಸ ಸಾಯುತ್ತದೆ. ಮಣ್ಣು, ಗೊಬ್ಬರದಲ್ಲಿರುವ ಧನುರ್ವಾಯುವಿನ ರೋಗಾಣು ಕ್ಲಾಸ್ಟ್ರಿಡಿಯಂ ಟೆಟಾನಿಗೆ ಗಾಳಿಯಿಲ್ಲದ ಅಂಥ ಜಾಗವೇ ಬೇಕು. ನಮ್ಮ ಸೊಪ್ಪಿನ ಹಟ್ಟಿಯಲ್ಲಿ ಇದಕ್ಕೇನು ಕೊರತೆ ಹೇಳಿ!

ಇನ್ನೊಂದು ವಿಷಯ ಕೇಳಬೇಕಿತ್ತು. ಗುಡ್ಡೆಯಿಂದ ತಂದ ಸೊಪ್ಪಿನಲ್ಲಿ ಕಾಸರಕ ಮರದ ಎಲೆ ಸೇರಿತ್ತಾ? ಅದರ ಸ್ಟ್ರಿಕ್ನಿನ್ ವಿಷಕ್ಕೂ ಮೈ ಹೀಗೇ ಸೆಟೆಯುತ್ತದೆ. ಆದರೆ ಅದು ಕೆಲವು ಗಂಟೆಗಳ ಒಳಗೇ ಬರುತ್ತದೆ, ಸೆಳೆತದ ನಡುವೆ ಮೈ ಸಡಿಲವಾಗುತ್ತದೆ. ಧನುರ್ವಾಯುವಿನ ಬಿಗಿತ ಮೆಲ್ಲಗೆ ಏರುತ್ತದೆ, ಬಿಡುವುದಿಲ್ಲ.

ಧನುರ್ವಾಯುವಿನ ರೋಗಾಣುವಿನ ಕುಟುಂಬದ ಇನ್ನೊಂದು ರೋಗಾಣುವಿನಿಂದ ಚಪ್ಪೆ ಬೇನೆ ಬರುತ್ತದೆ. ಅದು ಹೆಚ್ಚಾಗಿ ಕೊಬ್ಬಿದ ಎಳೆ ದನಗಳಿಗೆ. ಜೋರು ಜ್ವರ, ಕುಂಟು, ತೊಡೆಯ ಬಾವು ಒತ್ತಿದರೆ ಚರಚರ ಸದ್ದು. ಧನುರ್ವಾಯುವಿನಲ್ಲಿ ಶುರುವಿಗೆ ಜ್ವರ ಸಾಮಾನ್ಯವಾಗಿ ಇರುವುದಿಲ್ಲ. ಅದೇ ಕುಟುಂಬದ ಮತ್ತೊಂದು ರೋಗಾಣುವಿನ ವಿಷದಿಂದ ಬರುವ ಬೊಟುಲಿಸಂ ಆದರೆ ಪೂರ್ತಿ ಉಲ್ಟಾ, ಮೈ ಬಟ್ಟೆಯ ಹಾಗೆ ಜೋತು ಬೀಳುತ್ತದೆ.

ಈಗಲೇ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ, ಇಲ್ಲವೇ ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ. ಮರಿಯನ್ನು ಕತ್ತಲೆಯ, ಸದ್ದಿಲ್ಲದ ಮೂಲೆಯಲ್ಲಿ ದಪ್ಪ ಹುಲ್ಲಿನ ಮೇಲೆ ಬಿಡಿ. ಗೊಟ್ಟದಲ್ಲಿ ಗಂಜಿ ಹೊಯ್ಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಡಾಕ್ಟರು ಗಾಯ ತೊಳೆದು ಪೆನ್ಸಿಲಿನ್, ಆಂಟಿಟಾಕ್ಸಿನ್ (ರೋಗಾಣುವಿನ ವಿಷ ತಡೆಯುವ ಮದ್ದು) ಕೊಡಬಹುದು. ಆದರೆ ನರಕ್ಕೆ ಆಗಲೇ ಅಂಟಿದ ವಿಷವನ್ನು ಆಂಟಿಟಾಕ್ಸಿನ್ ಬಿಡಿಸುವುದಿಲ್ಲ. ಅದಕ್ಕೇ ಅವಸರ. ಉಳಿಯುತ್ತದೆ ಅಂತ ಭರವಸೆ ಕೊಡಲಾರೆ.

ಮಕ್ಕಳಿಗೆ ಹರಡುತ್ತದಾ ಅಂತ ಕೇಳಿದ್ದೀರಿ. ಇಲ್ಲ, ಇದು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಆದರೆ ಹಟ್ಟಿಯಲ್ಲಿ ಕತ್ತಿಯೋ ಮೊಳೆಯೋ ತಾಗಿ ಗಾಯಕ್ಕೆ ಗೊಬ್ಬರ ಸೇರಿದರೆ, ಹಿಂದಿನ ಟಿಟಿ (ಧನುರ್ವಾಯು ಲಸಿಕೆ) ಹಾಕಿಸಿ 5 ವರ್ಷ ದಾಟಿದ್ದರೆ ಇನ್ನೊಂದು ಬೇಕು. ಚಿಕ್ಕಂದಿನಿಂದ ಸರಿಯಾಗಿ ಹಾಕಿಸಿಕೊಳ್ಳದವರು ಅದನ್ನೂ ಡಾಕ್ಟರಿಗೆ ಹೇಳಿ, ಇಮ್ಯುನೊಗ್ಲೋಬ್ಯುಲಿನ್ (ವಿಷ ತಡೆಯುವ ಸಿದ್ಧ ಪ್ರತಿಕಾಯದ ಚುಚ್ಚುಮದ್ದು) ಬೇಕಾಗಬಹುದು. ಈಗ ಟಿಟಿ ಬದಲು ಟಿಡಿ ಅಂತ ಕೊಡುತ್ತಾರೆ, ಅದರಲ್ಲಿ ಡಿಫ್ತೀರಿಯಾ ಲಸಿಕೆಯೂ ಸೇರಿರುತ್ತದೆ.